ಕಂಪ್ಯೂಟರಿಗೂ ಒಂದು ಅಮಾವಾಸ್ಯೆ

ಬಬಲೇಶ್ವರದ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಹೆಬ್ಬೆಟ್ಟು ಒತ್ತಿಸುವುದು ನನ್ನ ಕೆಲಸ. ಇರುವುದು ಒಂದೇ ಕಂಪ್ಯೂಟರ್. ಪರದೆಯ ಮೂಲೆಯಲ್ಲಿ ‘ಅಪ್‌ಡೇಟ್ ಮಾಡಿ’ ಎಂದು ಬಂದಾಗಲೆಲ್ಲ ‘ಆಮೇಲೆ ನೆನಪಿಸು’ ಎಂದು ಒತ್ತಿ ಒತ್ತಿ ಎರಡು ವರ್ಷ ದೂಡಿದ್ದೆ. ಪಾಳಿಯಲ್ಲಿ ನಿಂತ ಜನರ ಮುಂದೆ ಯಂತ್ರ ಕಣ್ಣು ಮುಚ್ಚಿ ಕೂತರೆ ಬೈಸಿಕೊಳ್ಳುವವನು ನಾನು, ಅಪ್‌ಡೇಟ್ ಕಳಿಸಿದವರಲ್ಲ.

ಅಣ್ಣನ ಮಗಳು ಗೌತಮಿ ವಿಜಯಪುರದ ಗಾಂಧಿ ಚೌಕದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದಾಳೆ. ದೀಪಾವಳಿಗೆ ಬಂದಾಗ ಒಂದು ಪೆನ್‌ಡ್ರೈವ್ ಕೈಗಿಟ್ಟಳು.

“ಕಾಕಾ, ನಿನ್ನ ಆಪರೇಟಿಂಗ್ ಸಿಸ್ಟಮ್ ಪೂರಾ ತೂತು ಬಿದ್ದೈತಿ. ಈ ಟೂಲ್ ಅದಕ್ಕ ತೇಪಿ ಹಾಕತೈತಿ. ಅಪ್‌ಡೇಟ್ ಎಲ್ಲಾ ಇದರಾಗ ತುಂಬೇನಿ, ನೆಟ್ ಬೇಕಾಗೂದಿಲ್ಲ. ಪುಕ್ಕಟೆ ಐತಿ.”

ಪುಕ್ಕಟೆ ಎಂದದ್ದಕ್ಕೇ ನನಗೆ ಅನುಮಾನ ಬಂತು. ಇಷ್ಟೆಲ್ಲ ಮಾಡುವ ವಸ್ತುವನ್ನು ಯಾರಾದರೂ ಸುಮ್ಮನೆ ಹಂಚುತ್ತಾರೆಯೇ? ಆದರೆ ಮನೆಮಗಳು ಪ್ರೀತಿಯಿಂದ ಕೊಟ್ಟದ್ದನ್ನು ಎಸೆಯಲೂ ಆಗದು. ಲಕ್ಷ್ಮೀಪೂಜೆಗೆ ಪೆನ್ನು, ಪುಸ್ತಕಗಳ ಜೊತೆ ಅದನ್ನೂ ಇಟ್ಟು ಕುಂಕುಮ ಏರಿಸಿದೆ. ಅಲ್ಲಿಂದ ಅದು ಸೆಂಟರಿನ ದೇವರ ಜಗಲಿಯಲ್ಲೇ ಉಳಿಯಿತು. ಗೌತಮಿ ಫೋನಿನಲ್ಲಿ ಕೇಳಿದಾಗ, ಎಲ್ಲ ಚಲೋ ನಡೆದಿದೆ ಎಂದು ಸುಳ್ಳು ಹೇಳಿದೆ.

ನವೆಂಬರಿನ ಕೊನೆಯ ದಿನ ಅಮಾವಾಸ್ಯೆ ಬಿತ್ತು. ಬಾಗಿಲಿಗೆ ಹೊಸ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ, ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿ, ಶಟರ್ ಅರ್ಧ ಎಳೆದೆ. ಅಮಾವಾಸ್ಯೆಗೆ ಹೊಸದೇನನ್ನೂ ಶುರು ಮಾಡಬಾರದು ಎಂಬುದು ನಮ್ಮಪ್ಪನ ಕಾಲದಿಂದ ಬಂದ ನಿಯಮ.

ಆಗ ಸಾರವಾಡದ ಸಾವಂತ್ರವ್ವ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದಳು. ಮಾಸ್ತರರಾಗಿದ್ದ ಗಂಡ ತೀರಿಕೊಂಡ ಮೇಲೆ ಆಕೆಗೆ ಪೆನ್ಶನ್ ಬರುತ್ತದೆ. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ತಾನು ಬದುಕಿದ್ದೇನೆಂದು ಹೆಬ್ಬೆಟ್ಟು ಒತ್ತಬೇಕು. ಕಳೆ ತೆಗೆದು ತೆಗೆದು ಸವೆದುಹೋದ ಆ ಬೆರಳಿನ ಗುರುತು ನನ್ನ ಯಂತ್ರಕ್ಕೆ ಮಾತ್ರ ಸಿಗುತ್ತಿತ್ತು.

“ಇವತ್ತ ಕಡೀ ದಿನ ಅಂತಲ್ಲೋ ಶ್ರೀಶೈಲಾ. ಹತ್ತಿ ಬಿಡಸೂದ್ರಾಗ ಮರತ ಬಿಟ್ಟಿದ್ನಿ. ಅಮಾಸಿ ಅಂತ ಹೊಲದ ಕೆಲಸಿಲ್ಲ, ಬಂದ್ನಿ.”

ಹೆಬ್ಬೆಟ್ಟು ಹೊಸ ಕೆಲಸವಲ್ಲ ಎಂದುಕೊಂಡು ಯಂತ್ರ ಚಾಲೂ ಮಾಡಿದೆ. ನಿಮ್ಮ ಸಿಸ್ಟಮ್ ಹಳೆಯದಾಗಿದೆ, ಅಪ್‌ಡೇಟ್ ಮಾಡದೆ ಮುಂದೆ ಹೋಗಲಾಗದು ಎಂದು ಪರದೆಯ ಮೇಲೆ ಬಂತು. ಈ ಸಲ ‘ಆಮೇಲೆ ನೆನಪಿಸು’ ಇರಲೇ ಇಲ್ಲ. ನೆಟ್‌ನಿಂದ ಇಳಿಸಿಕೊಳ್ಳೋಣವೆಂದರೆ ಮುಗಿಯುವುದು ನಾಳೆ ಸಂಜೆಗೆ ಎಂದು ತೋರಿಸಿತು.

“ಇವತ್ತ ಆಗಲಿಲ್ಲಂದ್ರ?”

“ಪೆನ್ಶನ್ ನಿಲ್ಲತೈತಿ ಯವ್ವಾ.”

“ಅಂದ್ರ ಅವರ ಲೆಕ್ಕದಾಗ ನಾ ಸತ್ತಂಗ,” ಎಂದು ಆಕೆ ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಸೋಮಾರಿತನ ಈ ಹಿರಿಯಾಕೆಯ ತಲೆಯ ಮೇಲೆ ಬಂತಲ್ಲ ಎಂದು ನಾಚಿಕೆಯಾಯಿತು. ಗೌತಮಿಗೆ ಫೋನ್ ಹಚ್ಚಿ ಇದ್ದದ್ದು ಇದ್ದಂತೆ ಹೇಳಿದೆ.

“ಪೆನ್‌ಡ್ರೈವ್ ಎಲ್ಲೈತಿ ಕಾಕಾ?”

“ದೇವರ ಜಗಲಿ ಮ್ಯಾಲೆ. ಕುಂಕುಮ ಏರಿಸೇನಿ.”

“ಒಣಾ ಬ್ರಶ್ ತಗೊಂಡು ಒರಸು. ಮೂರು ತಾಸು ಹಿಡೀತೈತಿ, ಈಗ ಚಾಲೂ ಮಾಡು,” ಎಂದಳು.

“ಇವತ್ತ ಅಮಾಸಿ ಐತಲ್ಲವಾ. ಹೊಸಾದು ಮಾಡಬಾರದು.”

ಸಾವಂತ್ರವ್ವ ನಡುವೆ ಬಾಯಿ ಹಾಕಿದಳು. “ಹೊಸಾದು ಯಾವದಪಾ ಇದರಾಗ? ಅಮಾಸಿಗೆ ಎತ್ತು ಹೂಡೂದಿಲ್ಲ, ಖರೆ. ಮೈ ತೊಳದು, ಗೊರಸ ನೋಡೂದಿಲ್ಲೇನು? ದುಡಿಯೂ ಜೀವಕ್ಕ ಮತ್ತ ಯಾವಾಗ ಬಿಡುವು ಸಿಗತೈತಿ? ಇದರ ಮೈನೂ ತೊಳಿ.”

ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕುಂಕುಮ ಉದುರಿಸಿ ಪೆನ್‌ಡ್ರೈವ್ ಹಾಕಿದೆ. ಪುಕ್ಕಟೆ ಟೂಲ್ ಒಂದೊಂದೇ ತೇಪೆಯ ಹೆಸರು ತೋರಿಸುತ್ತ ಹೊರಟಿತು. ಪೂಜೆಯ ಕೊಬ್ಬರಿ ಜಗಿಯುತ್ತ ಬೆಂಚಿನ ಮೇಲೆ ಕೂತ ಸಾವಂತ್ರವ್ವ ಪರದೆ ಕಪ್ಪಾದಾಗಲೆಲ್ಲ “ಹೋತೇನು?” ಎನ್ನುತ್ತಿದ್ದಳು. “ಬರತೈತಿ,” ಎನ್ನುತ್ತಿದ್ದೆ. ಮೂರನೆಯ ಸಲ ಅದು ಎಷ್ಟು ಹೊತ್ತಾದರೂ ಬರಲಿಲ್ಲ. ನಾನೇ ದೇವರ ಜಗಲಿಯ ಕಡೆ ತಿರುಗಿ ಕೈಮುಗಿದೆ. ಆಮೇಲೆ ಬಂತು.

ಮೊದಲ ಸಲ ಹೆಬ್ಬೆಟ್ಟು ಹಿಡಿಯಲಿಲ್ಲ. ಆಕೆ ಬೆರಳನ್ನು ಎಣ್ಣೆ ಹಚ್ಚಿದ ತಲೆಗೂದಲಿಗೆ ತಿಕ್ಕಿ ಮತ್ತೆ ಒತ್ತಿದಳು. ಹಸಿರು ಗುರುತು ಮೂಡಿತು.

“ಬದುಕೀನಿ ಅಂತೈತೇನು?”

“ಅಂತೈತಿ ಯವ್ವಾ. ಬರೂ ನವೆಂಬರ್ ತನಕ ಕೇಳೂದಿಲ್ಲ.”

ಈಗ ನನ್ನ ಬಾಗಿಲ ಮೇಲೊಂದು ಬೋರ್ಡ್ ಇದೆ: ‘ಅಮಾವಾಸ್ಯೆಗೆ ಕಂಪ್ಯೂಟರಿನ ಮೈ ತೊಳೆಯಲಾಗುವುದು. ಬೇರೆ ಕೆಲಸ ಇಲ್ಲ.’ ತಿಂಗಳ ತಿಂಗಳ ಹೊಸ ತೇಪೆ ತುಂಬಿದ ಪೆನ್‌ಡ್ರೈವನ್ನು ಗೌತಮಿ ತಾನೇ ತರುತ್ತಾಳೆ. ನಾನು ಕುಂಕುಮದ ಬಟ್ಟಲಿಗೆ ಕೈ ಹಾಕಿದರೆ, ಪೂಜೆ ಆಮೇಲೆ ಎಂದು ಕಣ್ಣು ಬಿಡುತ್ತಾಳೆ.

ಎಳ್ಳಮಾವಾಸ್ಯೆಯ ದಿನ ಶಟರ್ ಅರ್ಧ ಎಳೆದು ನಾವಿಬ್ಬರೂ ಪರದೆ ನೋಡುತ್ತ ಕೂತಿದ್ದೆವು. ಸಾವಂತ್ರವ್ವ ಬುಟ್ಟಿ ಹೊತ್ತು ಬಗ್ಗಿ ಬಂದಳು. ಹೊಲದ ಪೂಜೆ ಮುಗಿಸಿ ಸಜ್ಜಿರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ಮೊದಲ ಹೋಳಿಗೆಯನ್ನು ಕಂಪ್ಯೂಟರಿನ ಮುಂದೆ ಇಟ್ಟು, ಉಳಿದದ್ದನ್ನು ನಮ್ಮ ಕಡೆ ಸರಿಸಿದಳು.

“ಜೀವಂತ ಇದ್ದಾಕಿ ಮಾಡೇನಿ,” ಎಂದಳು. “ಉಣ್ರಿ.”