ಕುಲುಮೆ ಹೊತ್ತಿಸದ ದಿನ

ಕಮ್ಮಾರರನ್ನು ಕಾಯುವ ಸಂತರು ಕುಜ್ಮಾ ಮತ್ತು ದೆಮ್ಯಾನ್. ಅವರ ಹಬ್ಬದ ದಿನ ಸ್ಮೊಲೆನ್ಸ್ಕ್ ಸೀಮೆಯ ಯಾವ ಕಮ್ಮಾರನೂ ಕುಲುಮೆ ಹೊತ್ತಿಸುವುದಿಲ್ಲ. ಅಂದು ಆ ಇಬ್ಬರೇ ಸುತ್ತಿಗೆ ಹಿಡಿದು ಹೊಳೆಗಳಿಗೆ ಮಂಜುಗಡ್ಡೆಯ ಬೇಡಿ ಬೆಸೆಯುತ್ತಾರಂತೆ. ಮುದುಕ ಕಮ್ಮಾರ ತೆರೆಂತಿಯ ಅಂಗಳಕ್ಕೆ ಫ್ರೆಂಚರು ನುಗ್ಗಿದ್ದು ಅದೇ ದಿನ ಬೆಳಿಗ್ಗೆ. ಬೇಸಿಗೆಯಲ್ಲಿ ಮಾಸ್ಕೋ ಗೆಲ್ಲಲು ಮೆರೆಯುತ್ತ ಹೋಗಿದ್ದ ದಂಡು ಈಗ ಹೆಂಗಸರ ಶಾಲು ಸುತ್ತಿಕೊಂಡು ಮರಳುತ್ತಿತ್ತು.

"ಏಯ್ ಮುದ್ಕ, ಹನ್ನೆರಡು ಕುದುರೆಗೂ ಮುಳ್ಳಿನ ಲಾಳ ಹೊಡಿ," ಎಂದ ದುಭಾಷಿ, ಒಬ್ಬ ಪೋಲಿಷ್ ಸಿಪಾಯಿ. "ತೋಪಿನ ಗಾಡಿ ಮಂಜುಗಟ್ಟಿದ ಇಳಿಜಾರು ದಾಟ್ಬೇಕು. ನಮ್ಮ ಲಾಳದವನು ದಾರೀಲೇ ಸತ್ತ."

ತೆರೆಂತಿ ಗೊರಸುಗಳನ್ನು ನೋಡಿದ. ಎಲ್ಲವೂ ಮಂಜುಗಡ್ಡೆಯ ಮೇಲೆ ಜಾರುವ ನುಣುಪಾದ ಬೇಸಿಗೆ ಲಾಳ.

"ಇವತ್ತು ಸಂತರ ದಿನ, ಆಗಲ್ಲ. ನಾಳೆ ಬನ್ನಿ."

"ನಾಳೆ ಹೊತ್ಗೆ ನಿಮ್ಮ ಕೊಸಾಕ್ ಸವಾರರು ಬೆನ್ನ ಮೇಲಿರ್ತಾರೆ. ಹೊಡೀದಿದ್ರೆ ಮನೆ ಸುಡ್ತಾರಂತೆ ಸಾಹೇಬ್ರು."

"ಸುಡೋದ್ರಲ್ಲಿ ನಿಮ್ ಸಾಹೇಬ್ರು ಗಟ್ಟಿಗ್ರು. ಲಾಳ ಹೊಡಿಯೋದೂ ಕಲೀಬೇಕಿತ್ತು."

ಹೆಂಡತಿ ಉಸ್ತಿನ್ಯಾ ಅವನ ತೋಳು ಜಗ್ಗಿದಳು. "ಚಳಿಗಾಲ ಪೂರ್ತಿ ಎಲ್ಲಿ ಮಲಗೋಣ? ಪಾಪ ನನ್ ತಲೆ ಮೇಲಿರ್ಲಿ. ಹೊಡ್ದು ಕಳ್ಸು ಮಾರಾಯ."

"ಹೊಡ್ಕೊಟ್ರೆ ಮುಂದಿನೂರಿಗೆ ಹೋಗಿ ಸುಡ್ತಾರೆ. ಅಲ್ಲಿರೋದು ನಿನ್ ತಂಗೀನೇ."

ಅವಳು ಅವನ ತೋಳು ಬಿಟ್ಟಳು. ಮನೆಯ ಹುಲ್ಲುಮಾಡು ಸದ್ದಿಲ್ಲದೆ ಹೊತ್ತಿತು. ಸಿಪಾಯಿಗಳು ಅದಕ್ಕೇ ಕೈ ಕಾಯಿಸಿಕೊಂಡು ಹೊರಟರು.

ಮಧ್ಯಾಹ್ನದೊಳಗೆ ಎರಡು ತೋಪುಗಳು ಕುದುರೆಗಳ ಸಮೇತ ಇಳಿಜಾರಿನಲ್ಲಿ ಜಾರಿ ಹಳ್ಳಕ್ಕೆ ಬಿದ್ದವು. ದುಭಾಷಿ ಏದುಸಿರು ಬಿಡುತ್ತ ವಾಪಸು ಬಂದ. ಈಗ ಅವನ ದನಿಯೇ ಬೇರೆ.

"ಅಜ್ಜ, ಬೇರೆ ಏನಾದ್ರೂ ಉಪಾಯ ಇದ್ರೆ ಹೇಳಪ್ಪ."

ಉಪಾಯವಿತ್ತು. ಆ ನುಣುಪು ಲಾಳಗಳನ್ನು ಕಿತ್ತು ಎಸೆದರೆ ಸಾಕು; ಬರಿಗೊರಸು ಮಂಜನ್ನು ಕಚ್ಚಿ ನಡೆಯುತ್ತದೆ. ಬೆಂಕಿ ಬೇಡ, ಸುತ್ತಿಗೆ ಬೇಡ, ಒಂದು ಇಕ್ಕಳ ಸಾಕು. ಈ ಸೀಮೆಯ ಗಾಡಿಯವರೆಲ್ಲ ಬಲ್ಲ ಸಂಗತಿ. ಸಂತರೂ ಬೇಡವೆನ್ನುತ್ತಿರಲಿಲ್ಲ.

"ನಮ್ಮನ್ನ ಕೇಳಿ ಬಂದ್ರಾ?" ಎಂದ ತೆರೆಂತಿ. "ಬಂದಂಗೇ ಹೋಗಿ."

ತೋಪುಗಳನ್ನು ಅಲ್ಲೇ ಬಿಟ್ಟು ದಂಡು ಕಾಲೆಳೆಯುತ್ತ ಕಾಡಿನಂಚಿನಲ್ಲಿ ಕರಗಿತು. ಆಗ ತೆರೆಂತಿ ಇಕ್ಕಳ ಹಿಡಿದು ಹಳ್ಳಕ್ಕಿಳಿದ. ಒಂದು ಕಂದು ಕುದುರೆ ಇನ್ನೂ ಉಸಿರಾಡುತ್ತಿತ್ತು. ನಾಲ್ಕೂ ಲಾಳ ಕಿತ್ತ. ಅದು ನಡುಗುತ್ತ ಎದ್ದು ನಿಂತಿತು.

"ಮನೆ ಹೋಯ್ತು, ಇದನ್ನೆಲ್ಲಿ ಕಟ್ತೀಯ?" ಎಂದಳು ದಡದ ಮೇಲಿಂದ ಉಸ್ತಿನ್ಯಾ.

"ಕುಲುಮೆಕೊಟ್ಟಿಗೆ ಉಳ್ದಿದೆಯಲ್ಲ. ಇದೂ ಇರ್ಲಿ, ನಾವೂ ಇರೋಣ."

ಹಳ್ಳದಲ್ಲಿ ಸತ್ತು ಬಿದ್ದ ಕುದುರೆಗಳಿಗಾಗಿ ಅವನು ಎದೆಯ ಮೇಲೆ ಶಿಲುಬೆ ಗೀರಿ ಪ್ರಾರ್ಥಿಸಿದ. ಕಾಡಿನತ್ತ ನಡೆದು ಹೋದ ಮನುಷ್ಯರಿಗಾಗಿಯೂ ಒಂದು ಮಾತು ಬೇಡಬೇಕೆಂದು ಬಾಯಿ ತೆರೆದ. ಆ ಮಾತಿಗೆ ದೇವರು ಇನ್ನೂ ಸ್ವಲ್ಪ ಕಾಯಲಿ ಎಂದುಕೊಂಡು ಕುದುರೆಯ ಲಗಾಮು ಹಿಡಿದು ಹಳ್ಳದಿಂದ ಮೇಲೆ ಹತ್ತಿದ.