ಇನ್ನೊಬ್ಬರಂತಿದ್ದ ದನಿ

ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ, ಕನ್ನಡ ಮಾತಾಡುವ ನೇಕಾರರ ಮನೆಯ ಶೋಭನಾಳಿಗೆ ನಲವತ್ತೊಂದು ತುಂಬಿತ್ತು. ವಾರವಿಡೀ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಗೆಯ ತಪ್ಪು ಹುಡುಕುವ ಕೆಲಸ; ಮುಹೂರ್ತದ ದಿನಗಳಲ್ಲಿ ಮೈಲ್‌ಸಾಮಿಯ ಆರ್ಕೆಸ್ಟ್ರಾದಲ್ಲಿ ಹಾಡು. ಅವಳ ದನಿ ಚೆನ್ನೈನ ಒಬ್ಬ ಹೆಸರಾಂತ ಗಾಯಕಿಯ ದನಿಯಂತೆಯೇ ಇತ್ತು. ಕಲಿತು ತಂದುಕೊಂಡದ್ದಲ್ಲ. ಆ ಗಾಯಕಿಯ ಮೊದಲ ಹಾಡು ಹೊರಬರುವ ಮುಂಚೆಯೇ ಇವಳು ಶಾಲೆಯ ಪ್ರಾರ್ಥನೆಯನ್ನು ಹಾಗೆಯೇ ಹಾಡುತ್ತಿದ್ದಳು.

ಜಾಹೀರಾತು ತೆಗೆಯುವ ದಿವಾಕರ್ ಆ ಗಾಯಕಿಯ ಹಾಡೊಂದನ್ನು ಬಳಸಲು ಅನುಮತಿ ಕೇಳಿದ್ದ. ಸಂಗೀತ ಕಂಪನಿ ಕೊಡಲಿಲ್ಲ. ಅದನ್ನೇ ಹೋಲುವ ಮಟ್ಟು ಹಾಕಿಸಿ ಶೋಭನಾಳನ್ನು ಕರೆಸಿದ. ಅನುಮತಿ ಸಿಗದ ಕಥೆ ಮಾತ್ರ ಅವಳಿಗೆ ಹೇಳಲಿಲ್ಲ. ರೆಕಾರ್ಡಿಂಗ್‌ನಲ್ಲಿ ಅವನು ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ, ಇನ್ನೂ ಅವರ ಹಾಗೆ ಬರಲಿ.

ಜಾಹೀರಾತು ಟೀವಿಗೆ ಬಂದ ತಿಂಗಳಲ್ಲೇ ಸಂಗೀತ ಕಂಪನಿಯ ಕೇಸು ಬಿತ್ತು. ಮಟ್ಟು ಕದ್ದದ್ದು ಒಂದು ತಪ್ಪು, ದನಿಯನ್ನು ಅನುಕರಿಸಿ ಜನರನ್ನು ನಂಬಿಸಿದ್ದು ಇನ್ನೊಂದು. ಎರಡನೇ ಆರೋಪದಲ್ಲಿ ಶೋಭನಾಳ ಹೆಸರಿತ್ತು. ತಾನು ಮಟ್ಟು ಮಾತ್ರ ಕೊಟ್ಟೆ, ಅನುಕರಣೆ ಆಕೆಯದೇ ಎಂದು ದಿವಾಕರ್ ಉತ್ತರ ಬರೆಸಿದ. ನೋಟಿಸಿಗೆ ಹೆದರಿದ ಮೈಲ್‌ಸಾಮಿ ಅವಳನ್ನು ಕರೆಯುವುದು ಬಿಟ್ಟ.

ರೆಕಾರ್ಡಿಂಗ್ ಮಾಡಿದ ಗೋಕುಲ್‌ನ ಬಳಿ ದಿವಾಕರ್ ಅವರ ಹಾಗೆ ಹಾಡು ಎಂದ ಮಾತು ದಾಖಲಾಗಿ ಉಳಿದಿರಬೇಕೆಂದು ಅವಳು ಓಡಿದಳು. ನೋಟಿಸ್ ಬಂದ ವಾರವೇ ದಿವಾಕರ್ ಎಲ್ಲವನ್ನೂ ಒಯ್ದನೆಂದು ಗೋಕುಲ್ ತಲೆಯೆತ್ತದೆ ಹೇಳಿದ.

ದನಿಯನ್ನೇ ಬದಲಿಸಿಕೊಂಡರೆ? ಮನೆಯಲ್ಲಿ ಮೂಗಿನಿಂದ ಹಾಡಿದಳು, ಗಂಟಲು ಬಿಗಿದು ಹಾಡಿದಳು. ಅಡುಗೆಮನೆಯಿಂದ ತಾಯಿ ಸೆಲ್ಲಮ್ಮ ಬಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಬೇಡ ಕಣ್ಣು, ನಿಲ್ಸು. ಕೊರ್ಲು ಹಿಸುಕೋ ಮಾದಿರಿ ಕೇಳ್ತದೆ."

ಮುಚ್ಚಳಿಕೆ ಬರೆದುಕೊಟ್ಟರೆ ಕೇಸಿನಿಂದ ಬಿಡುತ್ತೇವೆಂದು ಸಂಗೀತ ಕಂಪನಿ ಅವಳಿಗೆ ತಿಳಿಸಿತು. ಅವರ ಪರವಾದ ಕೊಯಮತ್ತೂರಿನ ವಕೀಲರ ಕಚೇರಿಯಲ್ಲಿ ಕಿರಿಯ ವಕೀಲೆ ಭೂಮಿ ಇದ್ದಳು, ಹಾಸನದ ಕಡೆಯವಳು. ಶೋಭನಾ ಕನ್ನಡದವಳೆಂದು ತಿಳಿದು, ಇಂಗ್ಲಿಷ್ ಕಾಗದವನ್ನು ಕನ್ನಡದಲ್ಲೇ ಬಿಡಿಸಿ ಹೇಳಿದಳು: ಆ ಗಾಯಕಿಯ ದನಿಯನ್ನು ಹೋಲುವ ದನಿಯಲ್ಲಿ ಇನ್ನೆಂದೂ ಹಾಡತಕ್ಕದ್ದಲ್ಲ.

"ನನ್ಗೆ ಇರೋದು ಒಂದೇ ಕೊರ್ಲಮ್ಮ," ಎಂದಳು ಶೋಭನಾ. "ಬೇರೆ ಯಾವುದ್ರಲ್ಲಿ ಪಾಡ್ಲಿ?"

ಭೂಮಿ ಕಾಗದ ಕೆಳಗಿಟ್ಟಳು. ತಾನು ಎದುರು ಪಕ್ಷದವಳು, ಬೇರೆ ವಕೀಲರನ್ನು ಕೇಳಿ, ಹೋರಾಡಿದರೆ ಗೆಲ್ಲಲೂಬಹುದು ಎಂದಳು. ಎಷ್ಟು ಕಾಲ ಎಂದು ಶೋಭನಾ ಕೇಳಿದಳು. ಚೆನ್ನೈ ಕೋರ್ಟು, ನಾಲ್ಕೈದು ವರ್ಷ. ಅಷ್ಟು ಸಲ ರಜೆ ಹಾಕಿದರೆ ಬನಿಯನ್ ಕಂಪನಿಯೂ ಅವಳನ್ನು ಇಟ್ಟುಕೊಳ್ಳುವಂತಿರಲಿಲ್ಲ.

"ಮನೇಲಿ ಪಾಡ್ಬೋದಾ?"

"ಹಾಡಬಹುದು. ಅದನ್ನ ಯಾರೂ ಕೇಳಲ್ಲ."

"ಹಂಗಂತ ಅದ್ರಲ್ಲಿ ಬರ್ದು ಕೊಡಿ."

ಭೂಮಿ ಒಳಗೆ ಹೋಗಿ ಅರ್ಧ ಗಂಟೆಯ ಮೇಲೆ ಬಂದಳು. ಕೊನೆಯಲ್ಲಿ ಒಂದು ಸಾಲು ಸೇರಿತ್ತು. ಶೋಭನಾ ಅದರ ಮೇಲೆ ಬೆರಳಾಡಿಸಿ, ಕೆಳಗೆ ತಮಿಳಿನಲ್ಲಿ ಸಹಿ ಹಾಕಿದಳು.

ಸಂಜೆ ಸೆಲ್ಲಮ್ಮ ಎಲ್ಲ ಕೇಳಿಕೊಂಡು, ಮನೆಗೆ ತಡೆಯಿಲ್ಲವಲ್ಲ, ಒಂದು ಹಾಡು ಹೇಳು ಎಂದಳು. ಶೋಭನಾ ಎದ್ದು ಬೀದಿಯ ಕಿಟಕಿ ಮುಚ್ಚಿದಳು. ಹಿತ್ತಲ ಬಾಗಿಲಿಗೂ ಚಿಲಕ ಹಾಕಿ ಬಂದು ಕೂತಳು. ತಾಯಿ ಕಾದಳು. ಮಗಳು ಬಾಯಿ ತೆರೆದದ್ದು ಹಾಗೇ ಉಳಿಯಿತು, ದನಿ ಬರಲಿಲ್ಲ.