ಹೆಸರಿಗೆ ಮಾತ್ರ

ನನ್ನ ಗಂಡ ಎಂಜಲು ಕೈಯಲ್ಲಿ ಕಾಗೆ ಓಡಿಸುವವನಲ್ಲ. ಆದರೆ ಕಾರು ಓಡಿಸುತ್ತಿದ್ದ. ಆ ಕಾರು ಇದ್ದದ್ದು ನನ್ನ ಹೆಸರಿನಲ್ಲಿ. ಪ್ರೀತಿಯಿಂದ ಮಾಡಿಸಿದ್ದು ಅಂತ ಯಾರೂ ತಪ್ಪು ತಿಳಿಯಬೇಡಿ. ಹೆಂಗಸರ ಹೆಸರಿನಲ್ಲಿ ನೋಂದಾಯಿಸಿದರೆ ಶುಲ್ಕದಲ್ಲಿ ಒಂದಿಷ್ಟು ರಿಯಾಯಿತಿ ಇತ್ತು, ಅಷ್ಟೇ. ಶೋರೂಮಿನಲ್ಲಿ ಎಲ್ಲರ ಮುಂದೆ, "ನಿಂದು ಹೆಸರಿಗೆ ಮಾತ್ರ ಕಣೇ, ಆಸೆಪಟ್ಟುಬಿಟ್ಟೀಯ" ಅಂದು ನಕ್ಕಿದ್ದ. ಅವತ್ತಿನಿಂದ ಮನಸ್ಸಿನಲ್ಲೇ ಅವನಿಗೆ ಮಹಾನುಭಾವ ಅಂತ ಹೆಸರಿಟ್ಟೆ. ಹೆಸರಿಡುವುದಕ್ಕೆ ಶುಲ್ಕವಿಲ್ಲವಲ್ಲ.

ಆ ಕಾರಿನಲ್ಲಿ ಮುಂದಿನ ಸೀಟು ಅತ್ತೆಯದು. ನಾನು ಹಿಂದೆ, ತೊಡೆಯ ಮೇಲೆ ತರಕಾರಿ ಚೀಲ. ನನಗೂ ಓಡಿಸೋದು ಕಲಿಸಿ ಅಂತ ಒಮ್ಮೆ ಕೇಳಿದೆ. "ಮೊದಲು ಹಾಲು ಉಕ್ಕದ ಹಾಗೆ ನೋಡ್ಕೊಳ್ಳೋದು ಕಲಿ, ಆಮೇಲೆ ಗೇರು" ಅಂದ. ಅತ್ತೆ ಕಿಸಕ್ಕನೆ ನಕ್ಕರು. ಕೀಲಿ ಸದಾ ಅವನ ಷರಟಿನ ಜೇಬಿನಲ್ಲಿ. ಷರಟು ಒಗೆಯುವುದಕ್ಕೆ ಬಿದ್ದರೂ ಕೀಲಿ ನನ್ನ ಕೈಗೆ ಬೀಳುತ್ತಿರಲಿಲ್ಲ.

ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಬೇರೆ ಇದೆ. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಿದ್ದ ಅಮ್ಮನ ಬಾಯಿ ಇದ್ದಕ್ಕಿದ್ದಂತೆ ಒಂದು ಪಕ್ಕಕ್ಕೆ ಎಳೆದುಕೊಂಡಿತು. ಕೈಯಲ್ಲಿದ್ದ ಲೋಟ ಜಾರಿ ಬಿತ್ತು. ಕಾರು ಮನೆ ಮುಂದೆಯೇ ನಿಂತಿತ್ತು. ಕೀಲಿ ಮಹಾನುಭಾವನ ಜೇಬಿನಲ್ಲಿ, ಮಹಾನುಭಾವ ಪಕ್ಕದ ಬೀದಿಯ ಸ್ನೇಹಿತನ ಮನೆಯಲ್ಲಿ ಇಸ್ಪೀಟು ಹಿಡಿದು ಕೂತಿದ್ದ. ಫೋನು ಮಾಡಿದೆ.

"ಆಟದ ಮಧ್ಯೆ ಹೇಗೆ ಎದ್ದು ಬರ್ಲಿ? ಸ್ಟಾಪ್ ಅಲ್ಲೇ ಇದೆಯಲ್ಲ, ಬಸ್ ಹಿಡಿ" ಅಂದ. ಫೋನಿಟ್ಟ.

ಅಮ್ಮನನ್ನು ತೋಳಿಗಾನಿಸಿಕೊಂಡು ಬಿಸಿಲಲ್ಲಿ ನಿಂತೆ. ಬಸ್ಸು ಬರಲಿಲ್ಲ. ಕೈ ಅಡ್ಡ ಹಾಕಿದರೆ ನಿಲ್ಲಿಸದೆ ಹೋದ ಗಾಡಿಗಳಿಗೆ ಲೆಕ್ಕವಿಲ್ಲ. ಕೊನೆಗೆ ಹಾಲಿನ ವ್ಯಾನಿನವನೊಬ್ಬ ಕ್ರೇಟುಗಳನ್ನು ಸರಿಸಿ ಜಾಗ ಮಾಡಿಕೊಟ್ಟ; ಅವನ ಹೊಟ್ಟೆ ತಣ್ಣಗಿರಲಿ. ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನೂ ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ..." ಅಂದರು.

ಅಮ್ಮ ಉಳಿದಳು. ಬಲಗೈ, ಬಲಗಾಲು ಸರಿಯಾಗಿ ಏಳುವುದಿಲ್ಲ. ತುಟಿ ಸೇರದೆ ‘ಬ’ ಅನ್ನುವ ಅಕ್ಷರ ‘ವ’ ಆಗಿಬಿಟ್ಟಿದೆ. ಬಾಗಿಲು ವಾಗಿಲು, ಬೇಡ ವೇಡ. ಮಾತು ತಿದ್ದುವ ಮೇಡಂ ಕನ್ನಡಿ ಹಿಡಿದು ದಿನವೂ ಹೇಳಿಸು ಅಂದಿದ್ದರು. ನಾನು ಹೇಳಿಸುತ್ತಿದ್ದೆ. ‘ಬಸ್ಸು’ ಅನ್ನು ಅಂದರೆ ‘ವಸ್ಸು’ ಅನ್ನುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದಳು.

ಆಸ್ಪತ್ರೆಯಿಂದ ನಾನು ನೇರವಾಗಿ ಅಮ್ಮನ ಮನೆಗೇ ಹೋದೆ. ಗಂಡನ ಮನೆಗೆ ತಿರುಗಿ ಹೋದದ್ದು ಬಟ್ಟೆ ತರುವುದಕ್ಕೆ ಮಾತ್ರ. "ಕಾರು ಮುಟ್ಟೋ ಹಾಗಿಲ್ಲ, ಹೆಸರು ಬೇಕಾದ್ರೆ ಇಟ್ಕೋ" ಅಂದ ಮಹಾನುಭಾವ. ಆಯ್ತು, ಇಟ್ಟುಕೊಳ್ಳುತ್ತೇನೆ ಅಂದೆ. ನೋಂದಣಿಯಲ್ಲಿದ್ದ ವಿಳಾಸವನ್ನು ಅಮ್ಮನ ಮನೆಗೆ ಬದಲಾಯಿಸಿಕೊಂಡೆ. ಅವನಿಗೆ ಹೇಳಲಿಲ್ಲ.

ನನ್ನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಕೆಳಗಿನ ಸಾಲು ಓದಿ ಅನ್ನುವುದೇ ನನ್ನ ಹೊಟ್ಟೆಪಾಡು. ಮೇಲಿನ ದಪ್ಪ ಅಕ್ಷರವನ್ನು ಎಲ್ಲರೂ ಓದುತ್ತಾರೆ. ಮನುಷ್ಯನ ಕಣ್ಣು ಗೊತ್ತಾಗುವುದು ಕೆಳಗಿನ ಸಾಲಿನಲ್ಲಿ. ಹಾಗಾಗಿ, ಕಾರಿನ ನೋಂದಣಿ ಅವಧಿ ಮುಗಿಯುತ್ತಿದೆ, ನವೀಕರಿಸಿಕೊಳ್ಳಿ ಅಂತ ಸಾರಿಗೆ ಕಚೇರಿಯ ನೋಟೀಸು ಬಂದಾಗ ನಾನು ಓದಿದ್ದು ಕೆಳಗಿನಿಂದ ಮೇಲಕ್ಕೆ. ಮಾಲೀಕರೇ ವಾಹನದೊಂದಿಗೆ ಹಾಜರಾಗಬೇಕು ಅಂತ ಅಲ್ಲಿ ಸಣ್ಣದಾಗಿತ್ತು. ನನಗೆ ಅಮೃತ ಕುಡಿದ ಹಾಗಾಯಿತು.

ಅರ್ಧ ದಿನ ರಜೆ ಹಾಕಿ ಕಚೇರಿಗೆ ಹೋದೆ. ಕೌಂಟರಿನಾಕೆ ಶುಲ್ಕವನ್ನು ಬಿಡಿಸಿ ಹೇಳಿದರು. "ನವೀಕರಣದ ಶುಲ್ಕ ಜಾಸ್ತಿ ಇಲ್ಲ. ಅದಕ್ಕೆ ತಪಾಸಣೆ ಶುಲ್ಕ ಸೇರುತ್ತೆ. ಗಾಡಿಗೆ ವಯಸ್ಸಾಗಿದೆಯಲ್ಲ, ಅದಕ್ಕೊಂದು ತೆರಿಗೆ. ಹಳೇ ದಂಡ ಬಾಕಿ ಇದ್ರೆ ಅದೂ ಕಟ್ಟಬೇಕು. ಇನ್ನು ಅವಧಿ ದಾಟಿದ್ರೆ ತಿಂಗಳು ತಿಂಗಳಿಗೂ ಏರ್ತಾ ಹೋಗುತ್ತೆ. ಬೇಗ ಬನ್ನಿ."

ನಿಧಾನವಾಗಿ ಬರುತ್ತೇನೆ ಅಂತ ಅವರಿಗೆ ಹೇಳಲಿಲ್ಲ.

ಪೊಲೀಸರ ಹತ್ತಿರ ಹೋಗಬಹುದಿತ್ತು, ವಕೀಲರ ಹತ್ತಿರ ಹೋಗಬಹುದಿತ್ತು. ಅಮ್ಮನನ್ನು ಕೈಕಾಲಿನ ವ್ಯಾಯಾಮಕ್ಕೆ ಊರಿನ ಆ ತುದಿಗೆ ಕರೆದೊಯ್ಯಬೇಕು, ಬಸ್ಸಿನ ಮೆಟ್ಟಿಲು ಅವಳಿಗೆ ಹತ್ತಲಾಗದು, ಟ್ಯಾಕ್ಸಿಗೆ ನನ್ನ ಸಂಬಳ ಸಾಲದು. ಕಾರು ಬೇಕೇ ಬೇಕಿತ್ತು. ಆದರೆ ಆ ಕೀಲಿಯನ್ನು ಅವನೇ, ಅವನ ಕೈಯಾರೆ, ನನ್ನ ಕೈಯಲ್ಲಿ ಇಡಬೇಕು. ಅದು ನನ್ನ ಹಟ. ಮಹಾನುಭಾವನ ಜೇಬಿನ ಬಾಯಿ ಎಷ್ಟಕ್ಕೆ ಹೊಲಿದುಕೊಳ್ಳುತ್ತದೆ ಅಂತ ಹೆಂಡತಿಗಲ್ಲದೆ ಇನ್ಯಾರಿಗೆ ಗೊತ್ತು? ಶುಲ್ಕ ಅಲ್ಲಿಯವರೆಗೆ ಏರಲಿ, ದುಡ್ಡು ಬಿಚ್ಚುವ ಬದಲು ಕೀಲಿಯನ್ನೇ ಕೊಡುತ್ತಾನೆ ಅಂತ ನೋಟೀಸನ್ನು ಮಡಿಸಿಟ್ಟೆ. ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಬೆಳಿಗ್ಗೆ ಕ್ಲಚ್ಚು ಒತ್ತುವಾಗಲೆಲ್ಲ ಅವನ ಕಾಲು ತುಳಿಯುತ್ತಿದ್ದೇನೆ ಅಂದುಕೊಳ್ಳುತ್ತಿದ್ದೆ. ಬೇಗ ಕಲಿತೆ, ಲೈಸೆನ್ಸೂ ಸಿಕ್ಕಿತು.

ಎಣಿಸಿದ ಹಾಗೇ ಆಯಿತು. ರಸ್ತೆಯಲ್ಲಿ ಪೊಲೀಸರು ಅವನ ಕಾರು ನಿಲ್ಲಿಸಿ, ನೋಂದಣಿ ಮುಗಿದು ಎಷ್ಟೋ ಕಾಲವಾಗಿದೆ ಅಂತ ದಂಡ ಹಾಕಿದರು. ಮಹಾನುಭಾವ ಕನ್ನಡಕದ ಅಂಗಡಿಗೇ ಓಡಿ ಬಂದ, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತ.

"ಇದೇನೇ ಇದು? ಕಾರಿನ ಬೆಲೆಗಿಂತ ಫೀಸೇ ಜಾಸ್ತಿ ಆಗೋ ಹಾಗಿದೆ!"

"ತಿಂಗಳು ತಿಂಗಳಿಗೂ ಏರುತ್ತಂತೆ" ಅಂದೆ, ಪಾಪದವಳ ಹಾಗೆ.

ಅವನು ಎದುರಿಗಿದ್ದ ಅಕ್ಷರದ ಹಲಗೆಯನ್ನೇ ನೋಡುತ್ತ ಯೋಚಿಸಿದ. ಮೇಲಿನ ಸಾಲನ್ನೇ ನೋಡುತ್ತಿದ್ದ ಅಂತ ಪ್ರಮಾಣ ಮಾಡಿ ಹೇಳಬಲ್ಲೆ. ಆಮೇಲೆ ಮುಖ ಅರಳಿತು. "ಅಲ್ಲಾ, ಹೆಸರು ನಿಂದು ಅಂದ್ಮೇಲೆ ಫೀಸೂ ನೀನೇ ತಾನೇ ಕಟ್ಟಬೇಕು? ನಂಗ್ಯಾಕೆ ತಲೆನೋವು? ನೀನು ಕಟ್ಟು, ನಾನು ಕಾರು ತರ್ತೀನಿ. ನಿಂಗೆ ಓಡ್ಸೋಕೆ ಬರಲ್ವಲ್ಲ."

"ಹೌದಲ್ವಾ" ಅಂದೆ. ತಾನು ತೋಡಿದ ಹಳ್ಳವನ್ನು ಇಷ್ಟು ಅಗಲ ಮಾಡಿಕೊಳ್ಳುತ್ತಾನೆ ಅಂತ ನಾನೂ ಅಂದುಕೊಂಡಿರಲಿಲ್ಲ.

ನನ್ನ ಬಳೆಗಳನ್ನು ಮಾರಿ ಪೂರ್ತಿ ಕಟ್ಟಿದೆ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸೇಡಿಗೆ ರಿಯಾಯಿತಿ ಇರುವುದಿಲ್ಲ.

ತಪಾಸಣೆ ನಡೆಯುವುದು ಊರ ಹೊರಗಿನ ದೊಡ್ಡ ಬಯಲಿನಲ್ಲಿ. ಒಂದು ಗೇಟಿನಿಂದ ಒಳಗೆ, ಇನ್ನೊಂದರಿಂದ ಹೊರಗೆ. ಸುತ್ತ ಒಂದು ಮರವಿಲ್ಲ. ಮಹಾನುಭಾವ ಇಸ್ತ್ರಿ ಷರಟು ತೊಟ್ಟು ಕಾರು ತಂದ. ಸಾಲು ಮುಂದೆ ಸರಿದು ನಮ್ಮ ಸರದಿ ಬಂದಾಗ ತಪಾಸಣೆಯವರು ಕಿಟಕಿಯೊಳಗೆ ಬಗ್ಗಿದರು.

"ಮಾಲೀಕರು ಯಾರು?"

"ಹೆಸರಿಗೆ ಮಾತ್ರ ಇವಳು ಸಾರ್" ಅಂದ.

"ನಂಗೆ ಹೆಸರಲ್ಲಿರೋರೇ ಬೇಕು. ಅವರೊಬ್ಬರೇ ಗಾಡೀಲಿರಲಿ, ನೀವು ಇಳೀರಿ."

ಮಹಾನುಭಾವ ಗೊಣಗುತ್ತ ಇಳಿದ. ನಾನೂ ಹಿಂದಿನ ಸೀಟಿನಿಂದ ಇಳಿದು ಕೈ ಚಾಚಿದೆ. ಅವನು ಕೀಲಿಯನ್ನು ಅಂಗೈ ಮೇಲೆ ಇಟ್ಟ. ಇನ್ನೂ ಬೆಚ್ಚಗಿತ್ತು. "ಏನೂ ಮುಟ್ಬೇಡ, ಸುಮ್ನೆ ಕೂತಿರು. ಅವರೇ ಯಾರಾದ್ರೂ ಓಡಿಸ್ತಾರೆ. ನಾನು ಆ ಗೇಟಲ್ಲಿರ್ತೀನಿ" ಅಂದು ಹೋದ.

ನಾನು ಸ್ಟೀರಿಂಗ್ ಮುಂದೆ ಕೂತೆ. ದೀಪ ಹಾಕಿ ಅಂದರು, ಹಾಕಿದೆ. ಹಾರನ್ ಅಂದರು, ಬೇಕಾದ್ದಕ್ಕಿಂತ ಜೋರಾಗಿ ಒತ್ತಿದೆ. ಒಂದು ಸುತ್ತು ಹೋಗಿ ಬ್ರೇಕ್ ಹಾಕಿ ಅಂದರು. ಗಕ್ಕನೆ ನಿಲ್ಲಿಸಿದೆ. "ಗಾಡಿ ಚೆನ್ನಾಗಿಟ್ಕೊಂಡಿದ್ದೀರಮ್ಮ" ಅಂದು ತಪಾಸಣೆಯವರು ಸಹಿ ಹಾಕಿ ಕಾಗದಗಳನ್ನು ನನ್ನ ಕೈಗೆ ಕೊಟ್ಟರು.

ಹೊರಗಿನ ಗೇಟಿನಲ್ಲಿ ಮಹಾನುಭಾವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಕಾರನ್ನು ನೋಡಿದ. ಸ್ಟೀರಿಂಗ್ ಹಿಡಿದು ಕೂತಿದ್ದ ನನ್ನನ್ನು ನೋಡಿದ. ನಾನು ಕಿಟಕಿಯ ಗಾಜು ಏರಿಸಿಕೊಂಡು ಅವನ ಪಕ್ಕದಲ್ಲೇ ಹಾದುಹೋದೆ. ಹಿಂದೆ ಓಡಿ ಬಂದ, ಸ್ವಲ್ಪ ದೂರ. ಕನ್ನಡಿಯಲ್ಲಿ ಅವನು ಚಿಕ್ಕವನಾಗುವುದನ್ನು ನೋಡಿ ನಾನು ಗಟ್ಟಿಯಾಗಿ ನಕ್ಕೆ, ಒಬ್ಬಳೇ, ಹುಚ್ಚಿಯ ಹಾಗೆ.

ಮನೆ ತಲುಪುವಷ್ಟರಲ್ಲಿ ಅವನ ಮೆಸೇಜು ಬಂದಿತ್ತು. "ಮುಂದಿನ ಸಿಗ್ನಲ್‌ನಲ್ಲಿ ಗಾಡಿ ಆಫ್ ಮಾಡ್ಕೊಂಡು ಅಳ್ತಾ ನಿಲ್ತೀಯ. ವಾಪಸ್ ಬಾ. ಇಲ್ಲೇ ಕಾಯ್ತಿರ್ತೀನಿ."

ಅಮ್ಮ ಬಾಗಿಲಲ್ಲೇ ಕೂತಿದ್ದಳು. ಕಾರು ನೋಡಿ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು. ಅವಳನ್ನು ಎಬ್ಬಿಸಿ ಕರೆತಂದರೆ ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೆ ಕೈ ಹಾಕಿದಳು.

"ಮುಂದೆ ಕೂತ್ಕೋ ಅಮ್ಮ" ಅಂದೆ. ಬೆಲ್ಟು ಹಾಕಿದೆ, ಎಲ್ಲ ಹೇಳಿದೆ, ಮೆಸೇಜು ಓದಿದೆ.

"ಅವ್ನು ಇನ್ನೂ ಅಲ್ಲೇ ಇದ್ದಾನಾ? ವಿಸಿಲಲ್ಲಿ?" ಅಂದಳು.

"ಇರ್ತಾನೆ. ಟ್ಯಾಕ್ಸಿಗೆ ದುಡ್ಡು ಬಿಚ್ಚೋನಾ ಅವನು?"

ಅಮ್ಮನ ಮುಖದ ಎಡಗಡೆ ನಗು ಮೂಡಿತು. "ವ್ಯಾಯಾಮಕ್ಕೆ ಆ ಕಡೆಯಿಂದ್ಲೇ ಹೋಗೋಣ. ನಾನು ನೋಡ್ವೇಕು."

ಅದು ಸುತ್ತು ದಾರಿ. ಹೋದೆವು. ಮಹಾನುಭಾವ ಗೇಟಿನ ಹತ್ತಿರ ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು, ಹೋಗುವ ಗಾಡಿಗಳಿಗೆಲ್ಲ ಕೈ ಅಡ್ಡ ಹಾಕುತ್ತಿದ್ದ. ಯಾರೂ ನಿಲ್ಲಿಸುತ್ತಿರಲಿಲ್ಲ. ನಾನು ನಿಲ್ಲಿಸಿದೆ. ಅವನ ಮುಖ ಊರಗಲವಾಯಿತು.

"ಗೊತ್ತಿತ್ತು ನಂಗೆ, ಬಂದೇ ಬರ್ತೀಯ ಅಂತ" ಅನ್ನುತ್ತ ಬಂದು ಮುಂದಿನ ಬಾಗಿಲ ಹಿಡಿಗೆ ಕೈ ಹಾಕಿದ. ಬಾಗಿಲಿಗೆ ಚಿಲಕ ಬಿದ್ದಿತ್ತು. ಒಳಗೆ ಕೂತಿದ್ದ ಅಮ್ಮನನ್ನು ಆಗ ಕಂಡ.

ಅಮ್ಮ ಎಡಗೈಯಿಂದ ಗಾಜು ಇಳಿಸಿದಳು. ಅವಳಿಗೆ ಅವಸರವಿರಲಿಲ್ಲ. ಕನ್ನಡಿಯ ಮುಂದೆ ಕೂತಾಗ ಮಾಡುವ ಹಾಗೆ ಎರಡು ತುಟಿಗಳನ್ನೂ ಒತ್ತಿ ಸೇರಿಸಿಕೊಂಡಳು, ಸೇರಿಸಿ ಹಿಡಿದಳು, ಅವನ ಮುಖವನ್ನೇ ನೋಡುತ್ತ ಬಿಟ್ಟಳು.

"ಬಸ್ ಹಿಡಿ."

‘ಬ’ ಸ್ಪಷ್ಟವಾಗಿತ್ತು. ನಾನು ಗೇರು ಹಾಕಿದೆ.